ಕಡ್ಡಿ ಹೋಗದ ಕಿಂಡಿ

ಬೆಳಗಿನ ಆರೂಕಾಲಿಗೆ ನನ್ನ ತಂಗಿ ಗಂಗಾ ದೇವರ ಮುಂದೆ ಊದಿನಕಡ್ಡಿ ಹಚ್ಚುತ್ತಾಳೆ. ಆರೂಕಾಲು ಎಂದರೆ ಆರೂಕಾಲೇ. ಎರಡು ನಿಮಿಷ ಮೀರಿದರೆ ನಾನು ಅಡುಗೆಮನೆಯಿಂದ ಕೆಮ್ಮುತ್ತೇನೆ. ಕಡ್ಡಿಯ ಹೊಗೆ ಮೊದಲು ನೇರವಾಗಿ ಮೇಲೇಳುತ್ತದೆ, ಆಮೇಲೆ ಕಿಟಕಿಯ ಕಡೆಗೆ ಬಾಗುತ್ತದೆ. ಯಾರ ಮನೆಯಲ್ಲಾದರೂ ನಡೆಯುವ ಸಂಗತಿ. ಆದರೆ ಎಷ್ಟೋ ವರ್ಷಗಳಿಂದ, ಹೊಗೆ ಹಾಗೆ ಬಾಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಹಾಲು ಉಕ್ಕೀತೆಂಬ ನೆಪ ಮಾಡಿ ಒಲೆಯ ಕಡೆ ಮುಖ ತಿರುಗಿಸುತ್ತಿದ್ದೆ. ಹಾಲು ಇನ್ನೂ ಬೆಚ್ಚಗೂ ಆಗಿರುತ್ತಿರಲಿಲ್ಲ.

ಹೋದ ತಿಂಗಳು ಒಂದು ಸೋಮವಾರ, ಸರಿಯಾಗಿ ಆ ಹೊತ್ತಿಗೇ ಫೋನು ಬಂತು. ನಾನು ಕೆಲಸ ಮಾಡಿ ನಿವೃತ್ತಳಾದ ಬ್ಯಾಂಕಿನ ಜಮಖಂಡಿ ಶಾಖೆಯ ಈಗಿನ ಮ್ಯಾನೇಜರು. ಒಳ್ಳೆಯ ಹುಡುಗ, ಆದರೆ ಇಷ್ಟು ಬೆಳಿಗ್ಗೆ ಫೋನು ಮಾಡಬಾರದು ಎಂಬುದನ್ನು ಅವನಿಗೆ ಯಾರೂ ಕಲಿಸಿಲ್ಲ.

"ಮೇಡಂ, ಜಮಖಂಡಿ ಹಳೇ ಕಟ್ಟಡ ಖಾಲಿ ಮಾಡೇವ್ರಿ. ತಿಜೋರಿ ಕೋಣಿ ಗ್ವಾಡಿ ಹೊಟ್ಟಿ ಬಿಟ್ಟೈತಿ. ಕೆಡವೂದೋ ಉಳಸೂದೋ ಅಂತ ಇಂಜಿನಿಯರು ಶುಕ್ರವಾರ ವರದಿ ಬರೀತಾರ. ನೀವು ಆರು ವರ್ಷ ಅಲ್ಲಿ ಇದ್ದವರು. ಏನರ ನೆನಪಿದ್ರ ಹೇಳ್ರಿ."

ನಾನು ಒಲೆಯ ಉರಿ ಸಣ್ಣ ಮಾಡಿದೆ. ಅವನೇ ಮುಂದುವರಿದು, "ಭಾಳ ಹಳೇದ್ರಿ ಅದು. ವಯಸ್ಸಾತು ಬಿಡ್ರಿ" ಎಂದ.

"ಹೌದಪ್ಪ, ವಯಸ್ಸಾತು" ಎಂದೆ.

ಆ ದಿನದ ಮೊದಲ ಸುಳ್ಳನ್ನು ನಾನು ಆರು ಗಂಟೆ ಹದಿನೇಳು ನಿಮಿಷಕ್ಕೆ ಹೇಳಿದೆ. ಆ ಗೋಡೆ ಉಬ್ಬಿ ಹೊಟ್ಟೆ ಬಿಟ್ಟದ್ದು ವಯಸ್ಸಿನಿಂದ ಅಲ್ಲ ಎಂದು ಗೊತ್ತಿದ್ದವರು ಇಬ್ಬರು. ಒಬ್ಬ ತೀರಿಕೊಂಡಿದ್ದಾನೆ. ಇನ್ನೊಬ್ಬಳು ಕೈಯಲ್ಲಿ ಹಾಲಿನ ಸೌಟು ಹಿಡಿದು ನಿಂತಿದ್ದಳು.

ನೀವು ಆ ಕಟ್ಟಡ ನೋಡಿದ್ದೀರೋ ಇಲ್ಲವೋ. ಜಮಖಂಡಿಯ ಹಳೇ ಪೇಟೆಯ ತಿರುವಿನಲ್ಲಿ ಸಂಸ್ಥಾನದ ಕಾಲದಲ್ಲಿ ಕಟ್ಟಿದ್ದು. ಮುಂದೆ ಐದು ಕಲ್ಲಿನ ಕಮಾನು. ನಡುವಿನದು ಉಳಿದವುಗಳಿಗಿಂತ ಒಂದು ಗೇಣು ಅಗಲ. ಅದು ರಾಜರು ಬಂದರೆ ಮುಂಡಾಸು ತಾಗದಿರಲೆಂದು ಎನ್ನುವವರಿದ್ದಾರೆ. ಮುಂಡಾಸು ತಾಗಬಾರದೆಂದರೆ ಎತ್ತರ ಹೆಚ್ಚಿಸಬೇಕೇ ಹೊರತು ಅಗಲವನ್ನಲ್ಲ ಎಂದು ನಾನು ಹೇಳಿ ನೋಡಿದ್ದೇನೆ, ಯಾರಿಗೂ ಹಿಡಿಸಲಿಲ್ಲ. ಅದರ ಕಲ್ಲು ತಮ್ಮ ಕಡೆಯದೆಂದು ಬೀಳಗಿಯವರು ಹೇಳುತ್ತಾರೆ. ಗಚ್ಚಿನ ಗಾರೆಗೆ ಹಾಕಿದ ಬೆಲ್ಲ ತಮ್ಮದೆಂದು ಮುಧೋಳದವರು. ಬನಹಟ್ಟಿಯವರಿಗೆ ಕಲ್ಲೂ ಇಲ್ಲ ಬೆಲ್ಲವೂ ಇಲ್ಲವಾದ್ದರಿಂದ, ಸುಣ್ಣ ಸೋಸಿದ ಬಟ್ಟೆಯಾದರೂ ನಮ್ಮ ಮಗ್ಗದ್ದು ಎನ್ನುತ್ತಾರೆ.

ಒಳಗೆ ಎತ್ತರದ ಪಡಸಾಲೆ. ಸುತ್ತಲೂ ಸಾಗವಾನಿಯ ಅಟ್ಟ, ಅದರ ಅಂಚಿಗೆ ಕಡೆದ ಕಟಾಂಜನ. ಮಾಳಿಗೆಯ ನಡುಭಾಗವನ್ನು ಮೇಲೆತ್ತಿ ಸುತ್ತ ಬಣ್ಣದ ಗಾಜು ಕೂರಿಸಿದ್ದರು. ಬಿಸಿಲು ಆ ಗಾಜಿನಿಂದಿಳಿದು ನೆಲದ ಫರಸಿಕಲ್ಲಿನ ಮೇಲೆ ಕೆಂಪು, ಹಸಿರು ಚೌಕಗಳಾಗಿ ಬೀಳುತ್ತಿತ್ತು. ಕೆಂಪು ಚೌಕ ಮೊದಲ ಕೌಂಟರಿನ ಕಾಲು ಮುಟ್ಟಿದರೆ ಹತ್ತೂವರೆ. ನಾನು ಬಾಗಿಲು ತೆಗೆಸುತ್ತಿದ್ದೆ. ಬಿಸಿಲು ಋತುವಿನೊಂದಿಗೆ ಜರುಗುತ್ತದೆಂದು ತಿಳಿದಿದ್ದರಿಂದ ಎರಡು ವಾರಕ್ಕೊಮ್ಮೆ ಕೌಂಟರಿನ ಕಾಲಿನ ಮೇಲೆ ಸೀಮೆಸುಣ್ಣದಲ್ಲಿ ಹೊಸ ಗೆರೆ ಎಳೆಯುತ್ತಿದ್ದೆ. ಗೋಡೆಯಲ್ಲಿ ಗಡಿಯಾರವಿತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಅದನ್ನು ನಂಬುವುದು ಹೇಗೆ?

ಹಿಂದಿನ ಮೂಲೆಯಲ್ಲಿ, ಒಂದು ಮೆಟ್ಟಿಲು ಕೆಳಗೆ, ತಿಜೋರಿ ಕೋಣೆ. ಎರಡೂವರೆ ಮೊಳ ದಪ್ಪದ ಗೋಡೆ. ಮೇಲಿನ ಅಟ್ಟದ ಐದು ತೊಲೆಗಳ ತುದಿಗಳು ಆ ಗೋಡೆಯೊಳಗೇ ಕೂತಿವೆ. ಗೋಡೆಗೆ ನಾಲ್ಕು ಕಿಂಡಿ, ಒಂದೊಂದೂ ಮುಷ್ಟಿಯಷ್ಟು: ಎರಡು ಕೆಳಗೆ, ಪಾದದ ಗಂಟಿನ ಮಟ್ಟಕ್ಕೆ, ಎರಡು ಮೇಲೆ, ತೊಲೆಗಳ ಪಕ್ಕಕ್ಕೆ. ಚೈತ್ರದ ಉರಿಯಲ್ಲೂ ಆ ಕೋಣೆಗೆ ಕಾಲಿಟ್ಟರೆ ಹೊಸ ಗಡಿಗೆಯೊಳಗೆ ಕೈ ಇಟ್ಟಂತಿರುತ್ತಿತ್ತು. ಮಳೆಗಾಲದಲ್ಲೂ ಒಳಗಿನ ಕಾಗದ ಗರಿಗರಿ. ಇವೆರಡಕ್ಕೂ ಆ ಕಿಂಡಿಗಳೇ ಕಾರಣವೆಂದು ನನಗೆ ಹೊಳೆಯಲೇ ಇಲ್ಲ.

ಆ ಕೋಣೆಗೆ ಎರಡು ಬೀಗ, ಎರಡು ಕೈ. ಒಂದರ ಕೀಲಿ ನನ್ನದು, ಇನ್ನೊಂದು ಹೆಡ್ ಕ್ಯಾಷಿಯರದು. ಇದು ಎಲ್ಲ ಬ್ಯಾಂಕಿನಲ್ಲೂ ಇರುವ ನಿಯಮ. ನಮ್ಮಲ್ಲಿ ಹಿರಿಯರು ಹಾಕಿಕೊಟ್ಟ ಇನ್ನೊಂದು ಪದ್ಧತಿಯಿತ್ತು. ಬೀಗ ಹಾಕಿದ ಮೇಲೆ ತನ್ನ ಬೀಗವನ್ನು ತಾನು ಎಳೆದು ನೋಡುವಂತಿಲ್ಲ. ನನ್ನ ಬೀಗವನ್ನು ಅವರು ಎಳೆಯಬೇಕು, ಅವರದನ್ನು ನಾನು. ಹಾಕಿದ ಕೈಗೆ ತನ್ನ ಬೀಗ ಯಾವಾಗಲೂ ಗಟ್ಟಿಯೇ. ಮನೆಯಲ್ಲೂ ಈಗ ಅದೇ ನಡೆಯುತ್ತದೆ. ರಬಕವಿಯ ಈ ಎರಡು ಕೋಣೆಯ ಮನೆಗೆ ನಾನು ಬೀಗ ಹಾಕುತ್ತೇನೆ, ಗಂಗಾ ಎಳೆಯುತ್ತಾಳೆ.

"ಅಕ್ಕಾ, ನಿನ್ನ ಬೀಗ ಎಳದ ಎಳದ ನನ್ನ ರಟ್ಟಿ ಬಿದ್ದಾವ ನೋಡ" ಎನ್ನುತ್ತಾಳೆ. "ಒಳಗ ಏನೈತಿ? ಎರಡ ಸೀರಿ, ನಿನ್ನ ಹಳೇ ಡೈರಿ. ಕಳ್ಳ ಬಂದರ ಅವಗ ನಾವ ಚಾ ಕೊಟ್ಟ ಕಳಸಬೇಕು."

ಬದುಕಿನಲ್ಲಿ ಒಂದೇ ಒಂದು ಬೀಗವನ್ನು ನಾನು ಯಾರಿಗೂ ಎಳೆಯಗೊಡಲಿಲ್ಲ. ಹೇಳಬೇಕಾದದ್ದು ಅದೇ.

ನಾನು ಜಮಖಂಡಿಗೆ ಮ್ಯಾನೇಜರಾಗಿ ಹೋದಾಗ ಆ ಕುರ್ಚಿಯಲ್ಲಿ ಅದುವರೆಗೆ ಹೆಂಗಸು ಕೂತಿರಲಿಲ್ಲ. ನನ್ನನ್ನು ಏನೆಂದು ಕರೆಯಬೇಕೆಂದು ಜನಕ್ಕೆ ತಿಳಿಯದು. ಕೊನೆಗೆ ಸಾಲಿಯ ಟೀಚರನ್ನು ಕರೆದಂತೆ "ಅಕ್ಕಾರ" ಎಂದರು, ಅದೇ ನಿಂತಿತು. ಸಾವಳಗಿಯಿಂದ ಬಂದ ರೈತರೊಬ್ಬರು ಕೌಂಟರಿನ ಮುಂದೆ ನಿಂತು, "ಮ್ಯಾನೇಜರ ಸಾಹೇಬ್ರು ಎಲ್ಲಿ ಹೋಗ್ಯಾರಬೇ ಯವ್ವಾ?" ಎಂದು ನನ್ನನ್ನೇ ಕೇಳಿದರು. ನಾನೇ ಎಂದಾಗ ಒಮ್ಮೆ ಮೇಲಿಂದ ಕೆಳಗೆ ನೋಡಿ, "ಇರಲಿ ತಗೋರಿ" ಎಂದರು, ನನಗೇ ಸಮಾಧಾನ ಹೇಳುವವರಂತೆ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಯಾವ ಕಾಗದದಲ್ಲಿ ಯಾವ ತಪ್ಪು ಸಿಕ್ಕೀತು, "ಹೆಣ್ಮಗಳ ಕೈಯಾಗ ಕೊಟ್ಟರ ಹಿಂಗ" ಎಂದು ಯಾರು ಯಾವಾಗ ಅಂದಾರು ಎಂಬ ಹೆದರಿಕೆ ನನಗೆ ಸದಾ ಇತ್ತು. ನನ್ನ ಶಿಸ್ತನ್ನು ಊರು ಹೊಗಳಿತು. ಅದರೊಳಗೆ ಎಷ್ಟು ಪಾಲು ಹೆದರಿಕೆಯೆಂದು ನನಗೆ ಮಾತ್ರ ಗೊತ್ತಿತ್ತು.

ಎರಡನೇ ವರ್ಷ ಮೇಲಿನ ಕಚೇರಿಯಿಂದ ಪತ್ರ ಬಂತು. ತಿಜೋರಿ ಕೋಣೆಯ ಗೋಡೆಗೆ ಬಾಗಿಲಿನ ಹೊರತು ಬೇರೆ ತೂತುಗಳಿದ್ದರೆ ಪರೀಕ್ಷಿಸಿ, ನಿರುಪಯೋಗಿಯಾಗಿದ್ದರೆ ಮುಚ್ಚಿಸಿ, ತಪಾಸಣೆಗೆ ಮೊದಲೇ ಉತ್ತರ ಬರೆಯಿರಿ ಎಂದು. ನಾನು ಮೇಜಿನ ಮೇಲಿನ ಮರದ ಅಳತೆಪಟ್ಟಿ ತೆಗೆದುಕೊಂಡು ಹೋಗಿ ಕಿಂಡಿಯೊಳಗೆ ತೂರಿಸಿದೆ. ಒಂದು ಗೇಣು ಹೋಗಿ ಕಲ್ಲಿಗೆ ತಾಗಿತು. ಉಳಿದ ಮೂರರಲ್ಲೂ ಅಷ್ಟೆ. ಹೊರಗಿನಿಂದ ತೂರಿಸಿದರೂ ಅಷ್ಟೆ. "ನಾಲ್ಕೂ ಕಿಂಡಿಗಳು ನಡುವೆ ಮುಚ್ಚಿಹೋಗಿವೆ, ನಿರುಪಯೋಗಿ. ಸಿಮೆಂಟಿನಿಂದ ಭದ್ರಪಡಿಸಲಾಗುವುದು" ಎಂದು ಬರೆದು ಸಹಿ ಮಾಡಿ, ಮಧ್ಯಾಹ್ನದ ಟಪಾಲಿಗೆ ಹಾಕಿದೆ. ಕೆಲಸ ಆಯಿತೆಂದರೆ ಆಗಬೇಕು. ಹೆಡ್ ಕ್ಯಾಷಿಯರು ಆ ದಿನ ರಜೆಯ ಮೇಲಿದ್ದರು; ಓದಿ ನೋಡೆಂದು ಬೇರೆ ಯಾರಿಗೂ ಕೊಡಲಿಲ್ಲ.

ಮೂರು ಗಂಟೆಗೆ ಗೌಂಡಿ ಹುಸೇನಸಾಬ ಬಂದ. ಆ ಕಟ್ಟಡದ ಸಣ್ಣಪುಟ್ಟ ದುರಸ್ತಿ ಮಾಡುತ್ತ ಬಂದವನು ಅವನೇ. ಕಟ್ಟಿದವರಲ್ಲಿ ಅವನ ಮುತ್ಯಾ, ಅಂದರೆ ಅಜ್ಜನೂ ಒಬ್ಬ. ಅರವತ್ತು ದಾಟಿದ ಒಣಕಲು ಆಳು. ಕರಣಿ ಕೆಳಗಿಟ್ಟು ಸಿಮೆಂಟಿನ ಚೀಲ ನೋಡಿದ, ಕಿಂಡಿ ನೋಡಿದ, ನನ್ನನ್ನು ನೋಡಿದ.

"ಇವನ್ಯಾಕ ಮುಚ್ಚಸ್ತೀರಿ ಅಕ್ಕಾರ?"

"ಮೊದಲ ಮುಚ್ಚ್ಯಾವ. ಪಟ್ಟಿ ಹಾಕಿ ನೋಡೇನಿ. ಒಂದು ಗೇಣಿಗೆ ನಿಲ್ಲತೈತಿ."

ಅವನು ನಕ್ಕ. ಅವನು ನಕ್ಕಿದ್ದೇ ಕೆಲಸ ಕೆಡಿಸಿತೋ ಏನೋ. "ನಿಲ್ಲಬೇಕ್ರಿ ಅದು. ನಡುವ ಸೊಟ್ಟ ಮಾಡ್ಯಾನ ನಮ್ಮ ಮುತ್ಯಾ. ಕಳ್ಳನ ಕಡ್ಡಿ ಹೋಗಬಾರದು, ಗಾಳಿ ಹೋಗಬೇಕು. ಗಾಳಿಗೇನ್ರಿ, ಸೊಟ್ಟ ದಾರಿ ಗೊತ್ತೈತಿ."

ಕೌಂಟರಿನ ಹಿಂದೆ ದೇವರ ಪಟದ ಮುಂದಿನ ಊದಿನಕಡ್ಡಿಗಳಲ್ಲಿ ಒಂದನ್ನು ಹಚ್ಚಿ ತಂದ. ಏಣಿ ಹತ್ತಿ ಮೇಲಿನ ಕಿಂಡಿಯ ಮುಂದೆ ಹಿಡಿದ. "ನೋಡ್ರಿ ಇಲ್ಲೆ."

ಹೊಗೆ ಒಂದು ಕ್ಷಣ ನೇರವಾಗಿ ಎದ್ದಿತು. ಆಮೇಲೆ ಯಾರೋ ದಾರ ಹಿಡಿದು ಎಳೆದಂತೆ ಬಾಗಿ ಗೋಡೆಯೊಳಗೆ ಹೋಯಿತು.

ನಾನು ನೋಡಿದೆ. ನೋಡಲಿಲ್ಲವೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮೂರು ಮಾರು ದೂರದಿಂದ, ಕನ್ನಡಕ ಹಾಕಿಕೊಂಡು, ಚೆನ್ನಾಗಿ ನೋಡಿದೆ.

"ಕಾಗದ ಹೋಗೇತಿ ಹುಸೇನಸಾಬ" ಎಂದೆ.

"ಹೋದ ಕಾಗದದ ಹಿಂದ ಇನ್ನೊಂದು ಕಾಗದ ಹೋಗತೈತ್ರಿ. 'ತಪ್ಪಾಗಿತ್ತು' ಅಂತ ಬರೀರಿ. ಒಂದ ಸಾಲಿಂದು."

ಒಂದು ಸಾಲು. ಆ ಸಾಲು ಮೇಲಿನ ಕಚೇರಿಯಲ್ಲಿ ಯಾರ ಮೇಜಿನ ಮೇಲೆ ಬಿದ್ದೀತು, ಯಾರು ಯಾರಿಗೆ ತೋರಿಸಿ ನಕ್ಕಾರು ಎಂಬುದೆಲ್ಲ ನನ್ನ ಕಣ್ಣ ಮುಂದೆ ಬಂತು. "ಮುಚ್ರಿ" ಎಂದೆ.

ಅವನು ಎರಡನೇ ಮಾತಾಡದೆ ಒಳಗೂ ಹೊರಗೂ ನಾಲ್ಕನ್ನೂ ಮುಚ್ಚಿದ. ಅವನ ಕೆಲಸ ಎಂದೂ ಒರಟಲ್ಲ. ಎಲ್ಲಿತ್ತೆಂದು ಕಾಣದಂತೆ ಒರೆಸಿದ. ಕೈ ತೊಳೆದು ಬಂದು ನನ್ನ ಮೇಜಿನ ಮೇಲಿನ ಅಳತೆಪಟ್ಟಿ ಎತ್ತಿ ನನ್ನ ಕೈಗೇ ಕೊಟ್ಟ.

"ಬಾಗಲ ಚೌಕಟ್ಟಿನಿಂದ ಎಷ್ಟು, ನೆಲದಿಂದ ಎಷ್ಟು ಅಂತ ಅಳದ ಬರಕೋರಿ ಅಕ್ಕಾರ. ಕೈ ನಂದ, ಮಾತ ನಿಮ್ದು. ನಾಳೆ ತಗೀಬೇಕಾದ್ರ ಎಲ್ಲಿ ಬಡೀಬೇಕಂತ ಒಬ್ರಿಗರ ಗೊತ್ತಿರಲಿ."

ಡೈರಿಯಲ್ಲಿ ಬರೆದುಕೊಂಡೆ. ಅಳತೆ ಬರೆದುಕೋ ಎಂದರೆ ಬರೆದುಕೊಳ್ಳದಿರುವ ಜಾತಿ ನನ್ನದಲ್ಲ.

ತಪಾಸಣೆ ಚೆನ್ನಾಗಿ ಆಯಿತು. ಮರುವರ್ಷದ ಮಳೆಗಾಲದಲ್ಲಿ ತಿಜೋರಿ ಕೋಣೆಯ ಕಾಗದಗಳು ಹಪ್ಪಳದ ಹಿಟ್ಟಿನಂತೆ ಮೆತ್ತಗಾದವು. ಗೋಡೆಯ ಸುಣ್ಣ ಉದುರತೊಡಗಿತು. ನಾನು ಎಣ್ಣೆ ಬಣ್ಣ ಹೊಡೆಸಿದೆ. ಬಣ್ಣ ಗುಳ್ಳೆ ಎದ್ದಿತು. ಇನ್ನೊಂದು ಸಲ ಹೊಡೆಸಿದೆ. ಅಟ್ಟ ಎಲ್ಲೋ ಕಿರ್ ಎಂದರೆ ಕಬ್ಬಿನ ಟ್ರ್ಯಾಕ್ಟರುಗಳ ಮೇಲೆ ಹಾಕಿದೆ. ಹಂಗಾಮಿನಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಹೋಗುವವು ಎರಡೆರಡು ಟ್ರೇಲರು ಕಟ್ಟಿಕೊಂಡು ತಿರುವಿನಲ್ಲಿ ಹಾಯುವಾಗ ಗಾಜೆಲ್ಲ ಗಿಲಿಗಿಲಿ ಎನ್ನುತ್ತಿದ್ದುದೂ ನಿಜವೇ. ಆ ಟ್ರ್ಯಾಕ್ಟರುಗಳನ್ನು ಬೇರೆ ದಾರಿಯಲ್ಲಿ ಕಳಿಸಬೇಕೆಂದು ನಾನು ಬರೆದ ಅರ್ಜಿ ಮೂರು ಪುಟ, ಅಂಶವಾರು. ಒಂದು ಸಾಲು ಬರೆಯಲಾರದವಳು ಮೂರು ಪುಟ ಬರೆದೆ. ಹುಸೇನಸಾಬ ತೀರಿಕೊಂಡ ಸುದ್ದಿ ಬಂದಾಗ ನಾನು ಬೀಳಗಿಗೆ ವರ್ಗವಾಗಿದ್ದೆ. ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಹೋಗಿ ಬರಬಹುದಿತ್ತು. ಹೋಗಲಿಲ್ಲ.

ಹೀಗಾಗಿ ಆ ಸೋಮವಾರದ ಫೋನಿನ ನಂತರದ ನಾಲ್ಕು ದಿನ ನನ್ನ ದಿನಚರಿ ಕೆಟ್ಟಿತು. ಹಗಲು ಹೊತ್ತು ಬೀಗ ಹಾಕುವುದು, ತೆಗೆಯುವುದು. ಓಣಿಯಲ್ಲಿ ಪವರಲೂಮಿನ ಸದ್ದು ಒಮ್ಮೆ ನಿಂತರೂ ಗೋಡೆ ಬಿತ್ತೆಂದು ಬೆಚ್ಚಿಬೀಳುವುದು. ನಿಜವಾಗಿ ಬಿದ್ದರೆ? ಅದರ ಹಿಂಬದಿಯ ನೆರಳಿನಲ್ಲಿ ಕಾಯಿಪಲ್ಲೆ ಮಾರುವವರು ಕೂರುತ್ತಿದ್ದರು. ಈಗಲೂ ಕೂರುತ್ತಾರೋ ಏನೋ. ಕೆಡವಿಬಿಟ್ಟರೆ ಯಾರಿಗೂ ಅಪಾಯವಿಲ್ಲ, ನನಗೂ ಇಲ್ಲ. ಕಿಂಡಿಗಳೂ ಕಲ್ಲುರಾಶಿಯಲ್ಲಿ ಹೋಗುತ್ತವೆ. ಹಾಗೆ ಅಂದುಕೊಂಡಾಗ ಒಂದು ಗಳಿಗೆ ಹಗುರಾಗುತ್ತಿತ್ತು. ಆ ಹಗುರವೇ ನನ್ನನ್ನು ಹೆಚ್ಚು ಹೆದರಿಸಿತು.

ಗುರುವಾರ ಸಂಜೆ ಗಂಗಾ ಎದುರಿಗೆ ಕೂತಳು. ಮೂವತ್ತು ವರ್ಷ ಸಾಲಿಯಲ್ಲಿ ಕಲಿಸಿದವಳು. ಬಾಯಿ ಬಿಡಿಸುವುದು ಅವಳಿಗೆ ಗೊತ್ತು.

"ಏನಾಗೈತಿ ಹೇಳ. ಇವತ್ತ ಎಂಟ ಸಲ ಬೀಗ ಹಾಕೀದಿ. ನಾನೂ ಎಂಟ ಸಲ ಎಳದೇನಿ. ಕದಾ ಕಿತಗೊಂಡ ಕೈಯಾಗ ಬಂದೀತು."

ಹೇಳಿದೆ. ಎಲ್ಲ ಕೇಳಿದ ಮೇಲೆ ಅವಳು ತನ್ನ ಬಳೆ ಮೇಲೇರಿಸಿಕೊಂಡಳು.

"ನಮ್ಮ ಸಾಲ್ಯಾಗ ತಪ್ಪ ಬರದ್ರ ಹುಡುಗೂರು ಅಳಸ್ತಿದ್ವು. ನೀ ಎಣ್ಣಿ ಬಣ್ಣ ಬಡದಿ."

"ಚಾಷ್ಟಿ ಮಾಡಬ್ಯಾಡ ಗಂಗಾ."

"ಹೇಳಿದ್ರ ಪಿಂಚಣಿ ನಿಲ್ಲಸ್ತಾರೇನ?"

"ಇಲ್ಲ."

"ಮತ್ತ?"

"ಹೆಸರು."

"ಹೆಸರಂದ್ರ ಬೀಗ ಹಾಕಿ ಇಡೂ ಸಾಮಾನೇನ?" ಎಂದಳು ಗಂಗಾ. "ಡೈರಿ ತಗಿ. ನಾಳಿ ಎಂಟಕ್ಕ ಬಸ್ಸೈತಿ."

ಇಂಜಿನಿಯರ್ ಸುಜಾತಾ ಬನಹಟ್ಟಿಯ ನೇಕಾರರ ಮನೆಯ ಹುಡುಗಿ. ಮೂವತ್ತರ ಆಸುಪಾಸು. ನಾವು ಹೋದಾಗ ತಿಜೋರಿ ಕೋಣೆಯಲ್ಲಿ ತೊಲೆಗಳ ಕೆಳಗೆ ಕಬ್ಬಿಣದ ಕಂಬ ಕೊಟ್ಟು ನಿಲ್ಲಿಸಿದ್ದರು. ಹಿಂದಿನ ಓಣಿಗೆ ಹಗ್ಗ ಕಟ್ಟಿದ್ದರು. ಕಾಯಿಪಲ್ಲೆಯವರು ಎದುರಿನ ಬದಿಗೆ ಸರಿದಿದ್ದರು. ಅಷ್ಟು ಕಂಡ ಮೇಲೆ ನನಗೆ ಉಸಿರು ಬಂತು. ಆ ಹುಡುಗಿ ಗೋಡೆಯನ್ನು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಸೀರೆಯ ನೇಯ್ಗೆ ನೋಡುವವರಂತೆ ಬೆರಳಿನ ಹಿಂಬದಿಯಿಂದ ಸವರುತ್ತಿದ್ದಳು. ವರದಿ ಅರ್ಧ ಬರೆದಾಗಿತ್ತು. ಮೇಲಿನ ಸಾಲು ಓದಿದೆ: "ಕಟ್ಟಡದ ವಯಸ್ಸಿನ ಕಾರಣದಿಂದ".

"ಅದನ್ನ ಹೊಡದ ಹಾಕವಾ" ಎಂದೆ. "ವಯಸ್ಸಿನಿಂದ ಅಲ್ಲ. ನನ್ನಿಂದ."

ಸುಜಾತಾ ತಲೆಯೆತ್ತಿದಳು. ನಾನು ಕುಳಿತುಕೊಳ್ಳದೆ, ನಿಂತೇ, ತಪಾಸಣೆಯ ಅಧಿಕಾರಿಗೆ ಹೇಳುವಂತೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಡೈರಿ ತೆರೆದು ಅಳತೆಯ ಪುಟ ತೋರಿಸಿದೆ. ಅವಳು ಬೈಯಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ನನ್ನ ಅಳತೆ ಓದುತ್ತ ಓದುತ್ತ ಮುಖ ಅರಳಿಸಿ, "ಇದಕ್ಕರಿ ಮೇಡಂ! ಇಂಥಾ ಗ್ವಾಡಿಗೆ ಗಾಳಿ ದಾರಿ ಯಾಕ ಇಟ್ಟಿಲ್ಲ ಅಂತ ಮೂರು ದಿನದಿಂದ ತಲಿ ಕೆಡಿಸಿಕೊಂಡೇನಿ" ಎಂದು ಕೆಲಸಗಾರರನ್ನು ಕೂಗಿದಳು.

ಚೌಕಟ್ಟಿನಿಂದ ಅಳೆದು ಗುರುತು ಹಾಕಿ, ಮೇಲಿನ ಒಂದು ಕಿಂಡಿಯನ್ನು ಒಳಗಿನಿಂದಲೂ ಹೊರಗಿನಿಂದಲೂ ಒಡೆದರು. ಹುಸೇನಸಾಬನ ಸಿಮೆಂಟು ಸುಲಭಕ್ಕೆ ಬಿಡಲಿಲ್ಲ. ಗಂಗಾ ತನ್ನ ಚೀಲದಿಂದ ಊದಿನಕಡ್ಡಿ ತೆಗೆದಳು. ತಂದಿದ್ದಾಳೆಂದು ನನಗೆ ಹೇಳಿರಲಿಲ್ಲ. ಸುಜಾತಾ ಏಣಿ ಹತ್ತಿ ಹಿಡಿದಳು.

ಹೊಗೆ ನೇರವಾಗಿ ಎದ್ದಿತು. ನೇರವಾಗಿಯೇ ಇತ್ತು. ನಾನು ನೂರರವರೆಗೆ ಎಣಿಸಿದೆ. ಅದು ಬಾಗಲಿಲ್ಲ.

"ಸತ್ತೈತಿ" ಎಂದೆ.

"ತಡೀರಿ ಮೇಡಂ. ಒಳಗ ಗಾಳಿ ಬರಲಾರದ ಹೊರಗ ಹೆಂಗ ಹೋಗತೈತಿ? ಕೆಳಗಿಂದೂ ತಗೀರೋ" ಎಂದಳು ಸುಜಾತಾ.

ಕೆಳಗಿನದನ್ನು ಒಡೆಯಲು ಮುಕ್ಕಾಲು ಗಂಟೆ ಹಿಡಿಯಿತು. ಸುಜಾತಾ ಹೊಸ ಕಡ್ಡಿ ಹಚ್ಚಿಕೊಂಡು ಮತ್ತೆ ಏಣಿ ಹತ್ತಿದಳು. ನನ್ನ ಪಾದದ ಮೇಲೆ ತಣ್ಣನೆಯದೇನೋ ಹಾಯ್ದಾಗ ಇಲಿಯೆಂದು ಹೌಹಾರಿ ಹಿಂದೆ ಸರಿದೆ. ಇಲಿಯಲ್ಲ, ಗಾಳಿ. ಮೇಲೆ ನೋಡಿದೆ. ಹೊಗೆ ಆಗಲೇ ಬಾಗಿತ್ತು. ಹುಸೇನಸಾಬ ತೋರಿಸಿದ ದಿನ ಬಾಗಿದಂತೆಯೇ ಬಾಗಿ, ಮುತ್ಯಾ ಮಾಡಿಟ್ಟ ಸೊಟ್ಟ ದಾರಿಯಲ್ಲಿ ಹೋಗುತ್ತಿತ್ತು.

ಸುಜಾತಾ ತೊಲೆಗಳ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದಳು. ಎರಡರಲ್ಲಿ ಅದು ಹಿಡಿಯವರೆಗೆ ಒಳಗೆ ಹೋಯಿತು. ಮೂರು ಗಟ್ಟಿ ಇದ್ದವು. ಕೆಟ್ಟ ತುದಿ ಕತ್ತರಿಸಿ ಹೊಸ ಸಾಗವಾನಿ ಕೂಡಿಸಬಹುದು, ಸಿಮೆಂಟು ಬಣ್ಣ ಎಲ್ಲ ಕೆರೆದು ಗೋಡೆ ಒಣಗಲು ಬಿಡಬೇಕು. ಒಣಗುತ್ತದೋ ಇಲ್ಲವೋ ನೋಡಿಯೇ ಹೇಳಬೇಕು ಎಂದಳು. ಆಮೇಲೆ ಸ್ವಲ್ಪ ಹಿಂಜರಿದು, "ಕಾರಣ ಬರೀಬೇಕಲ್ರಿ ಮೇಡಂ. 'ಹಿಂದೊಮ್ಮೆ ಮುಚ್ಚಲಾಗಿತ್ತು' ಅಂತಷ್ಟ ಬರದ್ರ ನಡೀತೈತಿ" ಎಂದಳು.

ನಡೆಯುತ್ತಿತ್ತು. ಗಂಗಾ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದಳು, ಬೇಕೆಂದೇ.

"ಹುದ್ದೆ ಬರಿ, ಹೆಸರು ಬರಿ" ಎಂದೆ. "ಗೌಂಡಿ ಹುಸೇನಸಾಬ ಬ್ಯಾಡ ಅಂದಿದ್ದ ಅಂತನೂ ಬರಿ. ಸಹಿ ಎಲ್ಲಿ ಹಾಕಲಿ?"

ಅವಳು ವರದಿ ಮುಂದೆ ಸರಿಸಿದಳು. ನಾನು ಸಹಿ ಮಾಡಿ, ಓದಿ ನೋಡೆಂದು ಗಂಗಾಳ ಕೈಗೆ ಕೊಟ್ಟೆ. ಅವಳು ಕನ್ನಡಕ ಏರಿಸಿ ಪೂರ್ತಿ ಓದಿ, ಎರಡು ಒತ್ತಕ್ಷರ ತಿದ್ದಿ, "ಈಗ ಗಟ್ಟಿ ಐತಿ" ಎಂದಳು.

ಮೇಲಿನವರು ಇನ್ನೂ ತೀರ್ಮಾನಿಸಿಲ್ಲ. ಕೆಡವಲೂಬಹುದು. ವರದಿಯ ಸುದ್ದಿ ಊರಲ್ಲಿ ಹಬ್ಬಿದೆ. ಪೇಟೆಯಲ್ಲಿ ಮೊನ್ನೆ ಒಬ್ಬರು ನನ್ನನ್ನು ತೋರಿಸಿ ಪಕ್ಕದವರಿಗೆ ಏನೋ ಅಂದರು. ಏನೆಂದು ಕೇಳಿಸಲಿಲ್ಲ, ನಾನು ನನ್ನ ಕಾಯಿಪಲ್ಲೆ ಆರಿಸಿಕೊಂಡು ಬಂದೆ. ಗಂಗಾ ಈಗ ಆರೂಕಾಲಿಗೆ ಕಡ್ಡಿ ಹಚ್ಚಿದಾಗ ನಾನು ಒಲೆಯ ಕಡೆ ತಿರುಗುವುದಿಲ್ಲ. ಹೋದ ವಾರ ಹೊಗೆ ನೋಡುತ್ತ ನಿಂತು ನಿಜವಾಗಿಯೂ ಹಾಲು ಉಕ್ಕಿಸಿದೆ.

ವಾರಕ್ಕೊಮ್ಮೆ ಎಂಟರ ಬಸ್ಸಿಗೆ ಜಮಖಂಡಿಗೆ ಹೋಗುತ್ತೇನೆ. ಗೇಟಿನ ಕಾವಲಿನವನು ನನ್ನ ಕೈಯಲ್ಲಿನ ಊದಿನಕಡ್ಡಿ ನೋಡಿ, "ಒಳಗ ಯಾವ ದೇವರೈತ್ರಿ ಅಕ್ಕಾರ?" ಎಂದು ಪ್ರತಿ ಸಲ ಕೇಳುತ್ತಾನೆ. "ಬಾಗಲಾ ತಗಿ" ಎನ್ನುತ್ತೇನೆ. ಕೆಂಪು ಚೌಕ ಇನ್ನೂ ಫರಸಿಯ ಮೇಲೆ ಬೀಳುತ್ತದೆ. ಅದನ್ನು ದಾಟಿ, ಒಂದು ಮೆಟ್ಟಿಲು ಇಳಿದು, ಕಡ್ಡಿ ಹಚ್ಚಿ ಮೇಲಿನ ಕಿಂಡಿಯ ಕಡೆಗೆ ತೋಳು ಚಾಚಿ ಹಿಡಿಯುತ್ತೇನೆ. ಹೊಗೆ ಮೊದಲು ನೇರವಾಗಿ ಏಳುತ್ತದೆ. ಆ ಒಂದು ಕ್ಷಣ ನನಗೆ ಇವತ್ತಿಗೂ ಬಹಳ ಉದ್ದ. ತೋಳು ನೋಯುತ್ತದೆ, ಇಳಿಸುವುದಿಲ್ಲ. ಬಾಗುವವರೆಗೆ ನಿಲ್ಲುತ್ತೇನೆ.